ಬಿಚ್ಚಿ ನೋಡದ ಬುತ್ತಿ

2017ರಲ್ಲಿ ನಾನು ಕೆನಡಾದ ಟೊರೊಂಟೊ ಹತ್ತಿರದ ನ್ಯೂಮಾರ್ಕೆಟ್ ಎಂಬ ಊರಿನ ಒಂದು ಸರಕಾರಿ ಕಟ್ಟಡದಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದೆ. ಮೇಲಿನ ಮಹಡಿಗಳಲ್ಲಿ ಬೇರೆ ಬೇರೆ ಇಲಾಖೆಗಳ ಕಚೇರಿ, ಕೆಳಗೆ ಲಾಬಿ, ಲಾಬಿಯಲ್ಲಿ ಒಂದು ಡೆಸ್ಕು, ಡೆಸ್ಕಿನ ಹಿಂದೆ ನಾನು. ಸಂಬಳ ಕೊಡುತ್ತಿದ್ದುದು ಗಾರ್ಡುಗಳನ್ನು ಒದಗಿಸುವ ಒಂದು ಗುತ್ತಿಗೆ ಕಂಪನಿ. ನಾರ್ತ್ ಯಾರ್ಕ್‌ನ ನಮ್ಮ ಅಪಾರ್ಟ್‌ಮೆಂಟಿನಿಂದ ಯಂಗ್ ಸ್ಟ್ರೀಟ್ ಹಿಡಿದು ಉತ್ತರಕ್ಕೆ ಹೋಗುವ ಬಸ್ಸಿನಲ್ಲಿ ದಿನವೂ ಹೋಗಿಬರುತ್ತಿದ್ದೆ. ಎಲ್ಲರೂ ದಕ್ಷಿಣಕ್ಕೆ, ಪೇಟೆಯ ಕಡೆಗೆ ಹೋಗುವ ಹೊತ್ತಿನಲ್ಲಿ ನಾನು ಎದುರು ದಿಕ್ಕಿಗೆ ಹೋಗುತ್ತಿದ್ದುದರಿಂದ ಕೂರಲು ಸೀಟು ಸಿಗುತ್ತಿತ್ತು.

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಬರೆದು ರೂಢಿಯಿಲ್ಲ. ಆದರೂ ಬರೆಯಲು ಕೂತದ್ದು ನನ್ನ ತಮ್ಮ ಮಲ್ಲಿಕಾರ್ಜುನನ ಸಲುವಾಗಿ. ಅವನ ನೌಕರಿಯ ಬಗ್ಗೆ ಇಲ್ಲಿಯ ನಮ್ಮ ಕನ್ನಡದವರ ನಡುವೆ ಒಂದು ಮಾತು ಹಬ್ಬಿದೆ. ಅಧಿಕಾರಕ್ಕಾಗಿ ಒಡಹುಟ್ಟಿದ ಅಕ್ಕನನ್ನು ಬಲಿ ಕೊಟ್ಟ ಎಂಬ ಮಾತು. ಅದನ್ನು ಹಬ್ಬಿಸಿದವಳು ನಾನೇ.

ಮಲ್ಲು ನನಗಿಂತ ನಾಲ್ಕು ವರ್ಷ ಚಿಕ್ಕವನು. ನಾನು ಮದುವೆಯಾಗಿ ಕೆನಡಾಕ್ಕೆ ಬಂದ ಕೆಲವು ವರ್ಷಗಳ ಮೇಲೆ ಅವನೂ ಬಂದು ನಮ್ಮ ಜೊತೆಗೇ ಇಳಿದುಕೊಂಡ. ಆಗ ನಾವು ಮಾಲ್ಟನ್‌ನಲ್ಲಿ ಒಂದು ಬೇಸ್‌ಮೆಂಟಿನಲ್ಲಿದ್ದೆವು. ವಿಮಾನ ಇಳಿಯುವ ಸದ್ದಿಗೆ ಮಾತು ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರುಮಾಡುವುದು ಮೂವರಿಗೂ ಅಭ್ಯಾಸವಾಗಿತ್ತು. ಮಲ್ಲು ಗೋದಾಮುಗಳಲ್ಲಿ ಕಾವಲು ಕೆಲಸ ಮಾಡುತ್ತ ಕಾಲೇಜು ಮುಗಿಸಿದ, ಪೊಲೀಸ್ ಕಾನ್‌ಸ್ಟೇಬಲ್ ಆದ. ಮೊದಲ ದಿನ ಯೂನಿಫಾರ್ಮಿನಲ್ಲಿ ಮನೆಗೆ ಬಂದಾಗ ನನ್ನ ಗಂಡ, ದೂರದೂರಿಗೆ ಟ್ರಕ್ ಓಡಿಸುವವರು, ಎರಡೂ ಕೈ ಮೇಲೆತ್ತಿ ನಿಂತು, “ಸಾಹೇಬ್ರ, ಲಾಗ್‌ಬುಕ್ ಸರಿ ಐತ್ರಿ” ಎಂದು ನಮ್ಮನ್ನೆಲ್ಲ ನಗಿಸಿದ್ದರು. ನಮಗೆ ಮಕ್ಕಳಾಗಲಿಲ್ಲ. ಮಲ್ಲು ಏರಿದ ಒಂದೊಂದು ಮೆಟ್ಟಿಲನ್ನೂ ನಾನೇ ಏರಿದ ಹಾಗೆ ಸಂಭ್ರಮಪಟ್ಟೆ. ಅವನು ಸಾರ್ಜೆಂಟ್ ಆದ. ಮದುವೆಯಾಗಿ ಬೇರೆ ಮನೆ ಮಾಡಿದ. 2015ರಲ್ಲಿ ಪೊಲೀಸ್ ಕೆಲಸ ಬಿಟ್ಟು ಪ್ರಾಂತ್ಯ ಸರಕಾರದ ಭದ್ರತಾ ವಿಭಾಗ ಸೇರಿದ.

ಕೆನಡಾದಲ್ಲಿ ಪ್ರಾಂತ್ಯವೆಂದರೆ ನಮ್ಮಲ್ಲಿಯ ರಾಜ್ಯವಿದ್ದ ಹಾಗೆ. ಸರಕಾರಿ ಕಟ್ಟಡಗಳಿಗೆ ಬಾಂಬು, ಬೆಂಕಿ, ಬಂದೂಕು ಹಿಡಿದ ಮನುಷ್ಯ, ಯಾವುದರಿಂದ ಅಪಾಯವಾಗಬಹುದು, ಆದರೆ ಏನು ಮಾಡಬೇಕು ಎಂದು ಮೊದಲೇ ಲೆಕ್ಕ ಹಾಕುವುದು ಅವನ ವಿಭಾಗದ ಕೆಲಸ. ಅದರಲ್ಲಿ ಗುಟ್ಟಿನ ಪರೀಕ್ಷೆಯೂ ಒಂದು. ಯಾರಿಗೂ ಹೇಳದೆ ಒಬ್ಬ ಮನುಷ್ಯನನ್ನು ಕಟ್ಟಡಕ್ಕೆ ಕಳಿಸುತ್ತಾರೆ. ಏನಾದರೂ ನೆವ ಹೇಳಿ, ಗುರುತು ತೋರಿಸದೆ ಒಳಗೆ ಹೋಗಲು ಅವನು ಪ್ರಯತ್ನಿಸಬೇಕು. ಬಾಗಿಲಿನಲ್ಲಿರುವ ಗಾರ್ಡು ತಡೆಯಬೇಕು. ತಡೆಯದಿದ್ದರೆ ಗಾರ್ಡು ಸೋತಂತೆ, ಕಟ್ಟಡ ಸೋತಂತೆ.

ನಾನು ಗಾರ್ಡ್ ಆದದ್ದೂ ಮಲ್ಲುವಿನಿಂದಲೇ. ಗಂಡ ವಾರಗಟ್ಟಲೆ ರಸ್ತೆಯ ಮೇಲಿರುತ್ತಿದ್ದರು. ಮನೆಯಲ್ಲಿ ಒಬ್ಬಳೇ ಕೂತು ಕೂತು ನನಗೆ ಹುಚ್ಚು ಹಿಡಿದಂತಾಗಿತ್ತು. ಲೈಸೆನ್ಸ್ ಬೇಕೆಂದರೆ ತರಬೇತಿ ಮುಗಿಸಿ ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬೇಕು. ಮಲ್ಲು ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ಪುಸ್ತಕ ಓದಿ ಹೇಳುತ್ತಿದ್ದ. ಪಾಠವಾದ ಮೇಲೆ ಅಡುಗೆಮನೆಯ ಬಾಗಿಲನ್ನೇ ಕಟ್ಟಡದ ಬಾಗಿಲು ಮಾಡಿಕೊಂಡು ಆಟ ಕಟ್ಟುತ್ತಿದ್ದ. ಒಮ್ಮೆ ಸಿಟ್ಟಿನ ವಕೀಲ, ಒಮ್ಮೆ ಪಿಜ್ಜಾ ತಂದವನು, ಒಮ್ಮೆ ಅಳುತ್ತ ಬಂದ ಹೆಂಗಸು. ನಾನು ಕೇಳಬೇಕಾದದ್ದು ಇಷ್ಟೇ: ಯಾರನ್ನು ನೋಡಬೇಕು, ನಿಮ್ಮ ಗುರುತಿನ ಕಾರ್ಡು ಎಲ್ಲಿ, ಅವರು ಕೆಳಗೆ ಬರುವ ತನಕ ಕೂತುಕೊಳ್ಳಿ. ಅವನು ಸೆರಗು ಹೊದ್ದವರಂತೆ ಟವೆಲ್ ಹೊದ್ದು ಬಂದ ದಿನ ನನಗೆ ನಗು ತಡೆಯಲಾಗಲಿಲ್ಲ. ಅವನು ನನ್ನ ಪಕ್ಕದಿಂದ ನುಸುಳಿ ಒಲೆಯ ಹತ್ತಿರ ಹೋಗಿ ನಿಂತ.

“ನಕ್ಕಿ ಅಂದ್ರ ಮುಗೀತಕ್ಕ, ನಾ ಒಳಗ ಬಂದೆ. ಪಾಪ ಅನ್ನಿಸಿದರೂ ಮುಗೀತು.”

ಆ ಭಾನುವಾರಗಳು ನನಗೆ ಈಗಲೂ ಬೇಕೆನ್ನಿಸುತ್ತವೆ. ಬೇರೆ ಯಾವ ಕಾಲವೂ ಅಷ್ಟು ಬೇಕೆನ್ನಿಸುವುದಿಲ್ಲ.

ಎರಡನೆಯ ಸಲಕ್ಕೆ ಪರೀಕ್ಷೆ ಪಾಸಾದೆ. ಮರುವರ್ಷ ಕಂಪನಿ ನನ್ನನ್ನು ನ್ಯೂಮಾರ್ಕೆಟ್‌ನ ಕಟ್ಟಡಕ್ಕೆ ಹಾಕಿತು. ಮಲ್ಲುವಿಗೆ ಫೋನ್ ಮಾಡಿ ಹೇಳಿದೆ. ಅವನು ಖುಷಿಪಟ್ಟ, ಆಮೇಲೆ ಯಾವ ಕಟ್ಟಡ ಎಂದು ಮತ್ತೊಮ್ಮೆ ಕೇಳಿದ. ಆ ಕಟ್ಟಡ ಅವನ ವಿಭಾಗದ ಪರೀಕ್ಷೆಗೆ ಒಳಪಡುವಂಥದ್ದು. ಅಂಥ ಕಡೆ ತನ್ನ ಸಂಬಂಧಿಕರು ಕೆಲಸಕ್ಕಿದ್ದರೆ ಅಧಿಕಾರಿ ಮೊದಲೇ ತಿಳಿಸಬೇಕು. ಇದಕ್ಕೆ ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಎನ್ನುತ್ತಾರೆ. ತಿಳಿಸಿದರೆ ಆ ಕಟ್ಟಡದ ವಿಷಯವನ್ನು ಬೇರೆ ಅಧಿಕಾರಿಗೆ ಒಪ್ಪಿಸುತ್ತಾರೆ, ಅಷ್ಟೇ. ನಾಳೆಯೇ ಹೇಳಿಬಿಡುತ್ತೇನೆ ಎಂದ.

ನಾನು ಬೇಡವೆಂದೆ. ತಮ್ಮ ದೊಡ್ಡ ಹುದ್ದೆಯಲ್ಲಿದ್ದಾನೆಂದು ಇವಳಿಗೆ ಸರಕಾರಿ ಕಟ್ಟಡ ಸಿಕ್ಕಿತು ಎಂದು ಜೊತೆಯವರು ಆಡಿಕೊಳ್ಳುತ್ತಾರೆ ಎಂಬ ಭಯ. ಹುಟ್ಟಿದಾಗಿನಿಂದ ನನ್ನದೆಂದು ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು, ಆ ಲೈಸೆನ್ಸು. ಅವನು ಎರಡು ಮೂರು ಸಲ ಹೇಳಿ ನೋಡಿದ. ನಾನು ಅತ್ತೆ. ಅವನು ಬಿಟ್ಟುಕೊಟ್ಟ. ಗಂಡನ ಮನೆಯ ಅಡ್ಡಹೆಸರು ನನ್ನದಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಇನ್ನು ಆ ಬೆಳಗಿನ ಸಂಗತಿ. ಫೆಬ್ರುವರಿ ತಿಂಗಳು, ಗಾಳಿಯ ಜೊತೆ ಹಿಮ ಬೀಳುತ್ತಿತ್ತು. ಒಬ್ಬ ಮುದುಕರು ಬಾಗಿಲು ತಳ್ಳಿಕೊಂಡು ಬಂದರು. ತಲೆಗೆ ಉಣ್ಣೆಯ ಟೋಪಿ, ಹುಬ್ಬಿನ ಮೇಲೆ ಹಿಮ. ಎರಡೂ ಕೈಯಲ್ಲಿ ಎದೆಗೆ ಅವಚಿ ಹಿಡಿದದ್ದು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ ಸ್ಟೀಲಿನ ಡಬ್ಬಿ. ನನ್ನ ಮುಖ ನೋಡಿ ಹಿಂದಿಯಲ್ಲಿ ಮಾತಾಡಿದರು. ಮಗ ಮೂರನೆಯ ಮಹಡಿಯಲ್ಲಿ ಕೆಲಸ ಮಾಡುತ್ತಾನೆ, ಮನೆಯಲ್ಲಿ ಜಗಳ ಮಾಡಿಕೊಂಡು ಉಪವಾಸ ಬಂದಿದ್ದಾನೆ, ಅವನಿಗೆ ಫೋನ್ ಮಾಡಿದರೆ ಬೇಡ ಎಂದು ವಾಪಸು ಕಳಿಸುತ್ತಾನೆ, ಟೇಬಲ್ಲಿನ ಮೇಲೆ ಇಟ್ಟು ಬಂದುಬಿಡುತ್ತೇನೆ ಎಂದರು.

“ಬೆಹೆನ್‌ಜೀ, ಬಚ್ಚಾ ಭೂಖಾ ಬೈಠಾ ಹೈ.”

ಮಗು ಹಸಿದು ಕೂತಿದೆ ಎಂದರು, ಅಷ್ಟೇ. ಆಗ ನನಗೆ ಏನಾಯಿತೆಂದು ತಿಳಿಯಬೇಕಾದರೆ ನಮ್ಮ ಕಡೆಯ ಬುತ್ತಿಯ ಬಗ್ಗೆ ಹೇಳಬೇಕು. ನವಲಗುಂದದ ಕಡೆಯ ಹಳ್ಳಿ ನಮ್ಮದು. ಮಲ್ಲು ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾಗ ಅವ್ವ ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯೆ ಚಟ್ನಿ ಹಾಕಿ, ಬಿಳಿ ಬಟ್ಟೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು. ಶಾಲೆ ಬಿಟ್ಟಿದ್ದ ನಾನು ಅದನ್ನು ಹೊತ್ತು ಬಸ್ ಸ್ಟ್ಯಾಂಡಿಗೆ ಓಡಿ ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಬಸ್ಸಿನ ಮುಂಭಾಗದಲ್ಲಿ ಊರೂರಿನ ಹುಡುಗರ ಬುತ್ತಿಗಳು ಸಾಲಾಗಿ ಇರುತ್ತಿದ್ದವು. ಧಾರವಾಡದಲ್ಲಿ ಆಯಾ ಹುಡುಗರು ಬಂದು ತಮ್ಮತಮ್ಮ ಗಂಟು ಗುರುತು ಹಿಡಿದು ಒಯ್ಯುತ್ತಿದ್ದರು. ಬುತ್ತಿಗೆ ಟಿಕೀಟು ಇರಲಿಲ್ಲ. ಒಳಗೆ ಏನಿದೆ ಎಂದು ಯಾವ ಕಂಡಕ್ಟರನೂ ಕೇಳುತ್ತಿರಲಿಲ್ಲ. ಇನ್ನೊಬ್ಬರ ಬುತ್ತಿ ಬಿಚ್ಚಿ ನೋಡುವುದು ಹೊಲಸು ಕೆಲಸವೆಂದು ನಮ್ಮ ಕಡೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಮುದುಕರ ಗುರುತಿನ ಕಾರ್ಡು ಕೇಳಲಿಲ್ಲ. ವಿಸಿಟರ್ ಬ್ಯಾಡ್ಜ್ ಕೊಡಲಿಲ್ಲ. ಮಗನ ಹೆಸರು ಕೇಳಿ ಮೇಲೆ ಫೋನ್ ಮಾಡಬೇಕಿತ್ತು, ಅದನ್ನೂ ಮಾಡಲಿಲ್ಲ. ನನ್ನ ಕಾರ್ಡು ತೋರಿಸಿ ಲಿಫ್ಟಿನ ಗೇಟು ತೆರೆದೆ. ನೆಲ ಒದ್ದೆಯಾಗಿದೆ, ಜಾರೀರಿ ಎಂದು ಎಚ್ಚರಿಕೆ ಬೇರೆ ಹೇಳಿದೆ.

ಸ್ವಲ್ಪ ಹೊತ್ತಿಗೆ ಕಂಪನಿಯ ಸೂಪರ್‌ವೈಸರ್ ಬಂದು ನನ್ನನ್ನು ಮೂರನೆಯ ಮಹಡಿಗೆ ಕರೆದುಕೊಂಡು ಹೋದ. ಊಟದ ಕೋಣೆಯ ಟೇಬಲ್ಲಿನ ಮೇಲೆ ಆ ಡಬ್ಬಿ ಇತ್ತು. ಗಂಟು ಬಿಚ್ಚಿತ್ತು. ಅದರಲ್ಲಿ ಒಂದು ಮರದ ತುಂಡು, ಅದಕ್ಕೆ ಸುತ್ತಿದ ವೈರು, ಒಂದು ಕೆಂಪು ಚೀಟಿ. ಇದು ಪರೀಕ್ಷೆಯ ಸ್ಫೋಟಕ ಎಂದು ಚೀಟಿಯಲ್ಲಿ ಬರೆದಿತ್ತು. ಮುದುಕರು ಕಿಟಕಿಯ ಹತ್ತಿರ ನಿಂತಿದ್ದರು. ನನ್ನನ್ನು ನೋಡಿ ತಲೆ ತಗ್ಗಿಸಿದರು. ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಹುಡುಗಿ ಏನೂ ಗೊತ್ತಿಲ್ಲದೆ ಸೂಪ್ ಕುಡಿಯುತ್ತಿದ್ದಳು. ನಾನು ನೋಡುತ್ತಿದ್ದುದು ಅವಳನ್ನೇ. ಡಬ್ಬಿ ನಿಜದ್ದಾಗಿದ್ದರೆ ಎಂದು ಸೂಪರ್‌ವೈಸರ್ ಹೇಳುತ್ತಿದ್ದ ಮಾತು ಕಿವಿಗೆ ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

ಸಂಜೆ ಮಲ್ಲು ಮನೆಗೆ ಬಂದ. ಕೋಟು ಬಿಚ್ಚದೆ ಕುರ್ಚಿಯ ತುದಿಗೆ ಕೂತ. ಪರೀಕ್ಷೆಗೆ ಹೋಗುವವರು ಯಾವ ನೆವ ಹೇಳುತ್ತಾರೆಂದು ಅವನಿಗೆ ಮೊದಲೇ ಗೊತ್ತಿರುವುದಿಲ್ಲವಂತೆ. ಮಧ್ಯಾಹ್ನ ವರದಿ ಕೈಗೆ ಬಂದಾಗಲೇ ನನ್ನ ಹೆಸರು ನೋಡಿದ್ದ. ಅದಕ್ಕೆ ಅವನು ಸಹಿ ಮಾಡಿ ಮೇಲಕ್ಕೆ ಕಳಿಸಬೇಕಿತ್ತು.

ನನ್ನ ಹೆಸರು ತೆಗೆದುಬಿಡು ಎಂದೆ. ಅದು ಆಗುವುದಿಲ್ಲ ಎಂದ. ಗಾರ್ಡು ಎಂದಷ್ಟೇ ಬರೆ, ಯಾವ ಗಾರ್ಡು ಎಂದು ಯಾರು ಕೇಳುತ್ತಾರೆ ಎಂದೆ. ಅವನು ತಲೆ ಅಲ್ಲಾಡಿಸಿದ. ಲೈಸೆನ್ಸು ಹೋಗುತ್ತದೆ ಎಂಬ ಹೆದರಿಕೆಯಲ್ಲಿ ನನ್ನ ಬಾಯಿಗೆ ಹಿಡಿತ ತಪ್ಪಿತು.

“ಧಾರವಾಡದಾಗ ಉಂಡಿಯಲ್ಲ, ಆ ಬುತ್ತಿ ಹೊತ್ತಾಕಿ ನಾನು. ನನ್ನ ಸಾಲಿ ಬಿಡಿಸಿ ನಿನ್ನ ಓದಿಸ್ಯಾರ. ನೆನಪೈತೋ ಇಲ್ಲೋ?”

ಮಲ್ಲುವಿನ ಮುಖ ಬಿಳಿಚಿತು. “ಅಕ್ಕಾ, ನಂದೂ ಒಂದು…” ಎಂದು ಶುರುಮಾಡಿದ.

“ನಿಂದು ಏನೂ ಕೇಳಾಂಗಿಲ್ಲ ನಾ. ಎದ್ದು ನಡಿ.”

ಅವನು ಎದ್ದ. ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡ. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ, ಅವನ ಸದ್ದು ಕೇಳಿಸದಿರಲಿ ಎಂದು.

ಲೈಸೆನ್ಸು ಹೋಗಲಿಲ್ಲ. ಕಂಪನಿಯವರು ಮತ್ತೆ ತರಬೇತಿ ಕೊಟ್ಟು ಮಾಲ್ಟನ್‌ನ ಒಂದು ಗೋದಾಮಿನ ಗೇಟಿಗೆ ಹಾಕಿದರು. ಲಾಬಿ ಇಲ್ಲ, ಬೆಚ್ಚಗಿನ ಡೆಸ್ಕು ಇಲ್ಲ. ಚಿಕ್ಕ ಗೂಡು, ಕಾಲ ಹತ್ತಿರ ಹೀಟರು, ಸಾಲಾಗಿ ಬರುವ ಟ್ರಕ್ಕುಗಳು. ಕಂಪನಿಯವರಾದರೂ ಕರುಣೆ ತೋರಿಸಿದರು, ತಮ್ಮ ತೋರಿಸಲಿಲ್ಲ ಎಂದುಕೊಂಡೆ. ಅವನು ಫೋನ್ ಮಾಡಿದಾಗ ಎತ್ತಲಿಲ್ಲ. ಕೇಳಿದವರಿಗೆಲ್ಲ ಕಥೆ ಹೇಳಿದೆ, ನನ್ನ ತಪ್ಪನ್ನು ಸಣ್ಣದು ಮಾಡಿ, ಅವನದನ್ನು ದೊಡ್ಡದು ಮಾಡಿ. ಹಸಿದವರಿಗೆ ಊಟ ತಂದ ಮುದುಕರನ್ನು ಒಳಗೆ ಬಿಟ್ಟದ್ದಕ್ಕೆ, ಮೇಲಿನ ಕುರ್ಚಿಯ ಆಸೆಗೆ ತಮ್ಮ ನನ್ನ ಹೆಸರು ಬರೆದುಕೊಟ್ಟ ಎಂದೆ. ಮರದ ತುಂಡು, ವೈರುಗಳ ಮಾತು ಎತ್ತಲೇ ಇಲ್ಲ.

ಆ ವರ್ಷ ಯುಗಾದಿಗೆ ನಮ್ಮ ಕಡೆಯ ಮನೆಗಳೆಲ್ಲ ಸೇರಿ ಮಿಸ್ಸಿಸಾಗಾದಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಪ್ರತಿ ಮನೆಯಿಂದ ಒಂದೊಂದು ಅಡುಗೆ. ನಾನು ಹೋಳಿಗೆ ಬಡಿಸುತ್ತಿದ್ದೆ. ಪಕ್ಕದಲ್ಲಿ ಉಡುಪಿಯ ವನಜಕ್ಕ, ನಮ್ಮದೇ ಅಪಾರ್ಟ್‌ಮೆಂಟಿನವರು, ಪಾಯಸ ಬಡಿಸುತ್ತಿದ್ದರು. ಮಲ್ಲು ತಟ್ಟೆ ಹಿಡಿದು ಸಾಲಿನಲ್ಲಿ ನಿಂತದ್ದನ್ನು ಮೊದಲು ನೋಡಿದವರು ಅವರೇ.

“ಎಂತ ಶಾಂತಕ್ಕ, ತಮ್ಮ ಬಂದಿದ್ದಾರೆ. ಒಂದು ಹೋಳಿಗೆ ಹೆಚ್ಚು ಹಾಕಿ ಮಾರಾಯ್ರೆ, ಎಲ್ಲ ಸರಿಯಾಗ್ತದೆ.”

ನಾನು ಮುಂದಿನವರ ತಟ್ಟೆಗೆ ಹೋಳಿಗೆ ಹಾಕಿದೆ. ಅಷ್ಟರಲ್ಲಿ ಸಾಲಿನಲ್ಲಿದ್ದ ಬೆಳಗಾವಿಯ ಒಬ್ಬರು ಜೋರು ದನಿಯಲ್ಲಿ ಕೇಳಿದರು.

“ಏನ್ ಸಾಹೇಬ್ರ, ಇಲ್ಲೂ ಡಬ್ಬಿ ಬಿಚ್ಚಿ ನೋಡಾಕ ಬಂದೀರೇನು?”

ಜನ ನಕ್ಕರು. ಮಲ್ಲುವೂ ನಕ್ಕ. ಸಾಲು ಒಂದು ಹೆಜ್ಜೆ ಮುಂದೆ ಬಂತು. ಅವನು ಬರಲಿಲ್ಲ. ಖಾಲಿ ತಟ್ಟೆಯನ್ನು ತಟ್ಟೆಗಳ ಮೇಲೆ ತಿರುಗಿ ಇಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ಹೊರಟುಹೋದ. ಹಬ್ಬದ ದಿನ ನನ್ನ ತಮ್ಮ ಉಣ್ಣದೆ ಹೋದ. ನನ್ನ ಕೈಯಲ್ಲಿ ಹೋಳಿಗೆ ಇತ್ತು. ಆ ಕ್ಷಣ ನನಗೆ ಗೆದ್ದೆ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ.

ಮುಂದೆ ಅವನು ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ದೊಡ್ಡ ಹುದ್ದೆ ಸಿಕ್ಕಿರಬೇಕು, ನಮ್ಮಂಥವರ ಜೊತೆ ಕೂರಲು ನಾಚಿಕೆ ಎಂದು ಜನ ಅಂದರು. ನಾನೂ ಅಂದೆ.

2018ರ ಚಳಿಗಾಲದ ಆರಂಭದಲ್ಲಿ ಒಂದು ದಿನ ನಾರ್ತ್ ಯಾರ್ಕ್‌ನ ಸಬ್‌ವೇ ಸ್ಟೇಷನ್ನಿನಲ್ಲಿ ಅವನ ಮಗಳು ಅನು ಎದುರಾದಳು. ಆಗಷ್ಟೇ ಯೂನಿವರ್ಸಿಟಿ ಸೇರಿದ್ದಳು. ಅಪ್ಪ ಹೇಗಿದ್ದಾನೆ ಎಂದು ಕೇಳುವ ಧೈರ್ಯವಾಗದೆ, ಹೊಸ ಹುದ್ದೆ ಹೇಗಿದೆಯಂತೆ ಎಂದು ಕೇಳಿದೆ. ಅದರಲ್ಲಿ ಕೊಂಕು ಇತ್ತು. ಅವಳು ಹೆಡ್‌ಫೋನ್ ತೆಗೆದು ನನ್ನ ಮುಖವನ್ನೇ ನೋಡಿದಳು.

“ಯಾವ ಹುದ್ದೆ ಅತ್ತೆ? ಡ್ಯಾಡ್ ಥಂಡರ್ ಬೇಯಲ್ಲಿದ್ದಾರೆ. ಹೀ ರಿಪೋರ್ಟೆಡ್ ಹಿಮ್‌ಸೆಲ್ಫ್ ಫಸ್ಟ್. ನಿಮಗೆ ಗೊತ್ತಿಲ್ವಾ?”

ರೈಲು ಬಂತು, ಹೋಯಿತು. ಅನು ಹತ್ತಲಿಲ್ಲ. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದಳು. ನನ್ನ ಮನೆಯಿಂದ ಹೋದ ಮರುದಿನ ಬೆಳಿಗ್ಗೆ ಮಲ್ಲು ತನ್ನ ಮೇಲಧಿಕಾರಿಯ ಮುಂದೆ ನಿಂತು, ಆ ಗಾರ್ಡು ನನ್ನ ಅಕ್ಕ, ಇದನ್ನು ಮೊದಲೇ ತಿಳಿಸಬೇಕಿತ್ತು, ತಿಳಿಸದೆ ಮುಚ್ಚಿಟ್ಟೆ ಎಂದು ಒಪ್ಪಿಕೊಂಡಿದ್ದ. ಏಕೆ ಮುಚ್ಚಿಟ್ಟೆ ಎಂದು ಕೇಳಿದಾಗ ತನ್ನ ತಪ್ಪು ಎಂದಷ್ಟೇ ಹೇಳಿದ್ದನಂತೆ. ನಾನು ಬೇಡವೆಂದು ಅತ್ತದ್ದನ್ನು ಹೇಳಲಿಲ್ಲ. ನನ್ನ ಕಂಪನಿ ಗಾರ್ಡುಗಳಿಗೆ ಕೊಡಬೇಕಾದ ಮರುತರಬೇತಿಯನ್ನು ಕೊಟ್ಟಿರಲಿಲ್ಲ, ಆದ್ದರಿಂದ ಒಬ್ಬ ಗಾರ್ಡಿನ ಮೇಲೆ ಎಲ್ಲವನ್ನೂ ಹೊರಿಸಬಾರದು ಎಂಬ ಅಂಶವನ್ನು ಅವರ ಗಮನಕ್ಕೆ ತಂದಿದ್ದ. ನನ್ನ ಲೈಸೆನ್ಸು ಉಳಿದದ್ದು ಅದರಿಂದ. ನಾನು ಕಂಪನಿಯ ಕರುಣೆ ಎಂದುಕೊಂಡದ್ದು ಅದನ್ನೇ. ಆ ವಿಭಾಗಕ್ಕೆ ಮುಖ್ಯಸ್ಥನಾಗುವ ಸರದಿ ಅವನದಿತ್ತು. ಅದು ತಪ್ಪಿತು. ಅವನನ್ನು ವಿಭಾಗದಿಂದಲೇ ತೆಗೆದು, ಕಾರಿನಲ್ಲಿ ಇಡೀ ದಿನದ ದಾರಿಯಾಚೆಯ ಥಂಡರ್ ಬೇ ಎಂಬ ಊರಿಗೆ, ಪ್ರವಾಹ ಮತ್ತು ಕಾಡಿನ ಬೆಂಕಿಯ ತುರ್ತು ವ್ಯವಸ್ಥೆ ನೋಡುವ ಕೆಳಗಿನ ಹುದ್ದೆಗೆ ಹಾಕಿದರು. ಹೆಂಡತಿಯ ಕೆಲಸ, ಮಗಳ ಓದು ಇಲ್ಲಿ. ಅವನು ಅಲ್ಲಿ ಒಬ್ಬನೇ.

ಮನೆಗೆ ಬಂದು ಕೋಟು ಬಿಚ್ಚದೆ ಕೂತೆ. ಫೋನ್ ಮಾಡಲು ನನಗೆ ವಾರಗಳೇ ಬೇಕಾದವು. ನಂಬರು ಒತ್ತುವುದು, ಇಡುವುದು. 2019ರ ಜನವರಿಯಲ್ಲಿ ಒಂದು ಮಧ್ಯಾಹ್ನ ಗೋದಾಮಿನ ಗೂಡಿನಿಂದಲೇ ಮಾಡಿದೆ. ಮನೆಯಲ್ಲಾದರೆ ಅಳುತ್ತೇನೆ, ಗೇಟಿನಲ್ಲಾದರೆ ಅಳಲಾಗುವುದಿಲ್ಲ ಎಂದು. ಎತ್ತಿದ.

“ಹಾಂ ಅಕ್ಕಾ. ಊಟ ಆತೇನು?”

ನಡುವಿನ ಎರಡು ವರ್ಷ ನಡೆದೇ ಇಲ್ಲವೆಂಬಂತೆ ಕೇಳಿದ. ಆಯಿತು ಎಂದೆ. ಆಗಿರಲಿಲ್ಲ. ಅಲ್ಲಿಯ ಚಳಿ ಎಷ್ಟು ಎಂದು ಕೇಳಿದೆ. ಅವನು ತನ್ನ ಕೆಲಸದ ಬಗ್ಗೆ ಹೇಳಿದ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ದೂರದ ಊರುಗಳ ಜನರನ್ನು ವಿಮಾನದಲ್ಲಿ ಕರೆತಂದು ಐಸ್ ಹಾಕಿ ಆಟದ ಒಳಾಂಗಣದಲ್ಲಿ ಮಂಚ ಇಟ್ಟು ಮಲಗಿಸುತ್ತಾರಂತೆ. ಎಲ್ಲರಿಗಿಂತ ಮೊದಲು ಯಾರ ಮನೆಯವರು ಯಾರು ಎಂದು ಕೇಳಿ ಒಟ್ಟಿಗೆ ಮಲಗಿಸುವುದು ಅವನು ಮಾಡಿದ ನಿಯಮವಂತೆ. ನನ್ನ ಮುಂದೆ ಟ್ರಕ್ಕೊಂದು ಹಾರ್ನ್ ಹೊಡೆಯಿತು. ಇಡುತ್ತೇನೆ ಎಂದೆ. ಕ್ಷಮಿಸು ಎನ್ನದೆಯೇ ಗೇಟು ಎತ್ತಿದೆ.

ಅಂದಿನಿಂದ ಭಾನುವಾರ ಫೋನ್ ಮಾಡುತ್ತೇವೆ. ಹವಾಮಾನ, ಮೊಣಕಾಲು ನೋವು, ಅನುವಿನ ಪರೀಕ್ಷೆ. ಟೊರೊಂಟೊಗೆ ಮೀಟಿಂಗಿಗೆ ಬಂದರೆ ತನ್ನ ಮನೆಗೆ ಹೋಗುತ್ತಾನೆ. ನಮ್ಮ ಮನೆಗೆ ಬಾ ಎಂದರೆ ಬರುತ್ತೇನೆ ಎನ್ನುತ್ತಾನೆ. ಬಂದಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ. ಸಂಜೆ ಕಾರಿಡಾರಿನಲ್ಲಿ ಬೂಟಿನ ಸದ್ದಾದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಸದ್ದು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಕಳೆದ ಯುಗಾದಿಗೆ ಅದೇ ಹಾಲಿನಲ್ಲಿ, ಊಟಕ್ಕೆ ಮೊದಲು, ನಾನು ಎಲ್ಲರೆದುರು ಎದ್ದು ನಿಂತು ನಡೆದದ್ದನ್ನು ಹೇಳಿದೆ. ಮರದ ತುಂಡು, ವೈರು, ಸೂಪ್ ಕುಡಿಯುತ್ತಿದ್ದ ಹುಡುಗಿ, ಎಲ್ಲವನ್ನೂ. ಕೆಲವರು ಕೇಳಿಸಿಕೊಂಡರು, ಕೆಲವರು ಮಕ್ಕಳನ್ನು ಸುಮ್ಮನಿರಿಸುತ್ತಿದ್ದರು. ಬೆಳಗಾವಿಯವರು ಆ ಸಲ ಬಂದೇ ಇರಲಿಲ್ಲ. ಬೇಗ ಹಬ್ಬಿದ ಮಾತು ಅಷ್ಟೇ ಬೇಗ ಹಿಂದಕ್ಕೆ ಬರುವುದಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯಾರಿಗಾದರೂ ಪ್ರಶ್ನೆ ಕೇಳಿದರೆ ಅವರ ಉತ್ತರ ಮುಗಿಯುವ ತನಕ ನಡುವೆ ಬಾಯಿ ಹಾಕಬೇಡಿ ಎಂದು ಮರುತರಬೇತಿಯಲ್ಲಿ ಹೇಳಿಕೊಟ್ಟರು. ಅಪರಿಚಿತರ ಉತ್ತರಗಳನ್ನು ನಾನೀಗ ಪೂರ್ತಿ ಕೇಳುತ್ತೇನೆ, ತೊದಲಿದರೂ ಕಾಯುತ್ತೇನೆ. ಒಡಹುಟ್ಟಿದವನ ಮಾತನ್ನು ಮೂರು ಪದಕ್ಕೇ ತಡೆದೆ. ಈ ಕೆಲಸ ನನಗೆ ಕಲಿಸಿದ್ದು ಅದೊಂದೇ, ಕಲಿತದ್ದು ತಡವಾಗಿ.

ಹೋದ ಭಾನುವಾರ ಕೊನೆಗೂ ಕೇಳಿದೆ.

“ಮಲ್ಲು, ಅವತ್ತು ಸಂಜಿಮುಂದ ನೀ ‘ನಂದೂ ಒಂದು’ ಅಂತ ಏನೋ ಹೇಳಾಕತ್ತಿದ್ದಿ. ನಾ ಕೇಳಲಿಲ್ಲ. ಏನಂತ ಹೇಳಾಂವಿದ್ದಿ?”

ಆ ಕಡೆ ತುಂಬ ಹೊತ್ತು ಸದ್ದಿರಲಿಲ್ಲ. ನಾನು ಕಾದೆ.

“ಏನಿಲ್ಲಕ್ಕ. ನಿಮ್ಮ ಬಿಲ್ಡಿಂಗ್ ಮುಂದ ನೋ ಪಾರ್ಕಿಂಗ್‌ನ್ಯಾಗ ಗಾಡಿ ಹಚ್ಚಿದ್ದೆ. ನಂದೂ ಒಂದು ದಂಡದ ಟಿಕೆಟ್ ಬೀಳತೈತಿ, ಹೊಂಡತೀನಿ ಅನ್ನಾಂವಿದ್ದೆ.”

ಅನು ಎಲ್ಲ ಹೇಳಿದ್ದಾಳೆಂದು ಅವನಿಗೆ ಗೊತ್ತು. ಅವನಿಗೆ ಗೊತ್ತೆಂದು ನನಗೂ ಗೊತ್ತು. ತನ್ನ ತಪ್ಪನ್ನು ತಾನೇ ಹೋಗಿ ಹೇಳಿ ಹುದ್ದೆ ಕಳೆದುಕೊಂಡ ಮನುಷ್ಯ, ನನ್ನ ಸಲುವಾಗಿ ಇಷ್ಟು ಕೆಟ್ಟದಾಗಿ ಸುಳ್ಳು ಹೇಳಿದ. ನಾನು ನಕ್ಕೆ. ಅವನೂ ನಕ್ಕ. ನಗು ನಿಂತ ಮೇಲೆ ಇಬ್ಬರೂ ಫೋನ್ ಇಡದೆ ಹಾಗೆಯೇ ಹಿಡಿದುಕೊಂಡು ಕೂತೆವು.